ಪರರ ಪಾಪವನ್ನು ಹೊರುವವರುಂಟೆ? – ಕ್ರೈಸ್ತಮತದಲ್ಲಿ ಪ್ರಾಯಶ್ಚಿತ್ತದ ಅರ್ಥ

ಪ್ರಾಯಶ್ಚಿತ್ತವೆಂಬ ಶಬ್ದವು ಕನ್ನಡ ನಾಡಿನಲ್ಲಿ ಜೈನರ ಬಾಯಲ್ಲಿಯೂ ಇದೆ, ಕ್ರೈಸ್ತರ ಬಾಯಲ್ಲಿಯೂ ಇದೆ. ಶಬ್ದ ಒಂದೇ, ಅದರ ಅರ್ಥ ಮಾತ್ರ ಎರಡು ದಿಕ್ಕಿಗೆ ಹೋಗುತ್ತದೆ. ಶ್ರಾವಕನಿಗೆ ಪ್ರಾಯಶ್ಚಿತ್ತವು ಆರು ಅಂತರಂಗ ತಪಸ್ಸುಗಳಲ್ಲಿ ಮೊದಲನೆಯದು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆಲೋಚನೆ, ಪ್ರತಿಕ್ರಮಣ, ತದುಭಯ, ವಿವೇಕ, ವ್ಯುತ್ಸರ್ಗ, ತಪ, ಛೇದ, ಪರಿಹಾರ, ಉಪಸ್ಥಾಪನ ಎಂದು ಅದರ ಒಂಬತ್ತು ಭೇದಗಳನ್ನು ಎಣಿಸಲಾಗಿದೆ. ಇವುಗಳಲ್ಲಿ ಯಾವುದನ್ನು ತೆಗೆದುಕೊಂಡರೂ ಅದನ್ನು ಆಚರಿಸತಕ್ಕವನು ದೋಷಮಾಡಿದವನೇ. ಕ್ರೈಸ್ತನಿಗಾದರೋ ಆ ಶಬ್ದವನ್ನು ಕೇಳಿದೊಡನೆ ನೆನಪಾಗುವುದು ಬೇರೆಯೇ ಒಂದು ಸಂಗತಿ: ದೋಷಮಾಡಿದವನ ಪರವಾಗಿ ದೋಷವಿಲ್ಲದ ಇನ್ನೊಬ್ಬನು ಎಂದೋ ಮಾಡಿ ಮುಗಿಸಿದ ಕಾರ್ಯ. ಯೇಸು ಕ್ರಿಸ್ತನು ಶಿಲುಬೆಯ ಮೇಲೆ ಪ್ರಾಣಬಿಟ್ಟದ್ದು ಸಮಸ್ತ ಮಾನವರ ಪಾಪಪರಿಹಾರಕ್ಕಾಗಿ ಎಂಬುದು ಆ ಮತದ ನಡುಗಂಬ.

ಇದನ್ನು ಕೇಳಿದ ಜೈನ ಗೃಹಸ್ಥನು ಸಾಮಾನ್ಯವಾಗಿ ನಕ್ಕು ಸುಮ್ಮನಾಗುತ್ತಾನೆ. ಒಬ್ಬನು ಉಂಡರೆ ಇನ್ನೊಬ್ಬನ ಹೊಟ್ಟೆ ತುಂಬೀತೆ, ಒಬ್ಬನು ಔಷಧ ಕುಡಿದರೆ ಇನ್ನೊಬ್ಬನ ಜ್ವರ ಬಿಟ್ಟೀತೆ ಎಂದು ಕೇಳಿ, ಪ್ರಶ್ನೆ ತೀರಿತೆಂದುಕೊಳ್ಳುತ್ತಾನೆ. ಪ್ರಶ್ನೆ ಅಷ್ಟು ಸುಲಭವಾಗಿ ತೀರುವುದಿಲ್ಲ. ಇದೇ ಆಕ್ಷೇಪವನ್ನು ಕ್ರೈಸ್ತ ವಿದ್ವಾಂಸರೇ ಶತಮಾನಗಳ ಕಾಲ ತಮ್ಮೊಳಗೆ ಎತ್ತಿ, ಇನ್ನೂ ತೀಕ್ಷ್ಣವಾಗಿ ವಿಚಾರಿಸಿದ್ದಾರೆ. ಅವರ ವಿಚಾರವನ್ನು ಪೂರ್ತಿ ಕೇಳಿದರೆ, ಆ ಆಕ್ಷೇಪದ ಮೊನೆ ಜೈನರ ಮನೆಯ ಕೆಲವು ರೂಢಿಗಳ ಕಡೆಗೂ ತಿರುಗುವುದು ಕಾಣುತ್ತದೆ.

ಈ ನಂಬಿಕೆಯ ಬೇರು ಯೆಹೂದ್ಯರ ಧರ್ಮಗ್ರಂಥದಲ್ಲಿದೆ. ಯಾಜಕಕಾಂಡವೆಂಬ ಭಾಗದ ಹದಿನಾರನೆಯ ಅಧ್ಯಾಯವು ದೋಷಪರಿಹಾರಕ ದಿನದ ವಿಧಿಯನ್ನು ಹೇಳುತ್ತದೆ. ಏಳನೆಯ ತಿಂಗಳ ಹತ್ತನೆಯ ದಿನ ಜನರೆಲ್ಲರೂ ಕೆಲಸಬಿಟ್ಟು ಉಪವಾಸವಿರಬೇಕು. ಮಹಾಯಾಜಕನು ಮೊದಲು ತನ್ನ ಮತ್ತು ತನ್ನ ಮನೆತನದ ಪಾಪಕ್ಕಾಗಿ ಒಂದು ಹೋರಿಯನ್ನು ಬಲಿಕೊಡಬೇಕು. ಅನಂತರ ಎರಡು ಹೋತಗಳನ್ನು ತಂದು ಚೀಟಿ ಹಾಕಬೇಕು. ಒಂದನ್ನು ವಧಿಸಿ ಅದರ ರಕ್ತವನ್ನು ಗರ್ಭಗುಡಿಯಲ್ಲಿ ಪ್ರೋಕ್ಷಿಸಬೇಕು. ಇನ್ನೊಂದರ ತಲೆಯ ಮೇಲೆ ಎರಡೂ ಕೈಗಳನ್ನಿಟ್ಟು, ಜನರ ಅಪರಾಧಗಳನ್ನೆಲ್ಲ ಅರಿಕೆಮಾಡಿ, ಅವುಗಳನ್ನು ಅದರ ಮೇಲೆ ಹೊರಿಸಿ, ಒಬ್ಬ ಮನುಷ್ಯನ ಕೈಯಲ್ಲಿ ಅಡವಿಗೆ ಅಟ್ಟಿಬಿಡಬೇಕು. ಪಾಪವು ಊರಿನಿಂದ ಹೊರಕ್ಕೆ ಹೋಯಿತೆಂಬ ಭಾವ. ರಕ್ತದಲ್ಲಿ ಪ್ರಾಣವಿದೆ, ಪ್ರಾಣಕ್ಕೆ ಬದಲಾಗಿ ಪ್ರಾಣವೆಂಬುದು ಆ ವಿಧಿಯ ಹಿಂದಿರುವ ವಿಚಾರ.

ಜನ್ನ ಕವಿಯ ಯಶೋಧರ ಚರಿತೆಯ ಕಥೆ ತಿಳಿದ ಮನೆಯವರಿಗೆ ಇಲ್ಲಿ ಒಂದು ಕ್ಷಣ ನಿಲ್ಲಬೇಕೆನಿಸುತ್ತದೆ. ೧೨೦೯ರಲ್ಲಿ ರಚಿತವಾದ ಆ ಕಾವ್ಯದಲ್ಲಿ ಯಶೋಧರನೂ ಆತನ ತಾಯಿ ಚಂದ್ರಮತಿಯೂ ಬಲಿಕೊಟ್ಟದ್ದು ಜೀವವಿರುವ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪವೊಂದೇ ಅವರನ್ನು ಜನ್ಮಜನ್ಮಾಂತರಗಳಲ್ಲಿ ತಿರ್ಯಗ್ಗತಿಗೆ ಎಳೆಯಿತು. ಆ ಕಥೆಯನ್ನು ಕೇಳಿ ಬೆಳೆದವರು ಯಾಜಕಕಾಂಡದ ಹೋತವನ್ನು ಯಾಜಕನ ಕಣ್ಣಿನಿಂದ ನೋಡಲಾರರು. ಹೋತದ ಕಣ್ಣಿನಿಂದ ನೋಡುತ್ತಾರೆ. ಒಂದು ಪಾಪವನ್ನು ಕಳೆಯಲು ಇನ್ನೊಂದು ಪಾಪವನ್ನು ಮಾಡಿದಂತಾಯಿತೆಂಬ ಅವರ ತೀರ್ಪು ಬದಲಾಗಬೇಕಾದ ಕಾರಣವೂ ಇಲ್ಲ. ಪ್ರಸಂಗವಶಾತ್ ಹೇಳಬಹುದಾದ ಮಾತೊಂದಿದೆ: ಜನ್ನನ ಸೋದರಳಿಯನಾದ ಕೇಶಿರಾಜನ ಶಬ್ದಮಣಿದರ್ಪಣವನ್ನು ೧೮೭೨ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದವರು, ಕ್ರಿಸ್ತನ ಬಲಿದಾನವನ್ನು ಸಾರಲು ಬಂದ ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲ್ಲರು. ಈ ಎರಡು ಸಂಪ್ರದಾಯಗಳು ಕನ್ನಡದಲ್ಲಿ ಇಷ್ಟು ಹತ್ತಿರ ಕುಳಿತಿದ್ದರೂ ಒಂದರ ಮಾತನ್ನು ಇನ್ನೊಂದು ಕಿವಿಗೊಟ್ಟು ಕೇಳಿದ್ದು ಕಡಿಮೆ.

ಆದರೆ ಯೆಹೂದ್ಯರ ಗ್ರಂಥವು ಬಲಿಯಲ್ಲಿಯೇ ನಿಲ್ಲುವುದಿಲ್ಲ. ಆಮೋಸ, ಹೋಶೇಯ, ಯೆಶಾಯ, ಮೀಕ ಮೊದಲಾದ ಪ್ರವಾದಿಗಳು ದೇವರಿಗೆ ಟಗರುಗಳ ರಕ್ತ ಬೇಕಾಗಿಲ್ಲ, ನ್ಯಾಯವೂ ಕರುಣೆಯೂ ಬೇಕೆಂದು ಬಲಿಪೀಠದ ಎದುರಿಗೇ ನಿಂತು ಸಾರಿದರು. ಅನ್ಯಾಯದಿಂದ ಪರರ ಸ್ವತ್ತನ್ನು ತೆಗೆದುಕೊಂಡವನು ಬಲಿಯನ್ನು ತರುವುದಕ್ಕೆ ಮೊದಲು, ತೆಗೆದುಕೊಂಡದ್ದನ್ನು ಐದನೆಯ ಒಂದು ಭಾಗ ಹೆಚ್ಚಾಗಿ ಸೇರಿಸಿ ಒಡೆಯನಿಗೆ ಹಿಂದಿರುಗಿಸಬೇಕೆಂಬ ಕಟ್ಟಳೆಯೂ ಅದೇ ಯಾಜಕಕಾಂಡದಲ್ಲಿದೆ. ಕ್ರಿ.ಶ. ೭೦ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ನಾಶಮಾಡಿದ ಮೇಲೆ ಪಶುಬಲಿ ನಿಂತೇಹೋಯಿತು. ದೋಷಪರಿಹಾರಕ ದಿನವು ಇಂದಿಗೂ ನಡೆಯುತ್ತಿದೆ, ಉಪವಾಸ ಮತ್ತು ಪ್ರಾರ್ಥನೆಯ ದಿನವಾಗಿ. ಒಂದು ಸಂಜೆಯಿಂದ ಮರುದಿನದ ರಾತ್ರಿಯವರೆಗೆ ಅನ್ನವೂ ಇಲ್ಲ, ನೀರೂ ಇಲ್ಲ. ಆ ದಿನದ ಬಗ್ಗೆ ಮಿಶ್ನಾ ಎಂಬ ಧರ್ಮಸಂಹಿತೆಯ ನಿರ್ಣಯವು ಗಮನಾರ್ಹವಾದುದು: ದೇವರಿಗೂ ಮನುಷ್ಯನಿಗೂ ನಡುವಿನ ಅಪರಾಧಕ್ಕೆ ಆ ದಿನದಿಂದ ಪರಿಹಾರ ದೊರೆತೀತು, ಮನುಷ್ಯನಿಗೂ ಮನುಷ್ಯನಿಗೂ ನಡುವಿನ ಅಪರಾಧಕ್ಕೆ, ನೊಂದವನನ್ನು ಸಮಾಧಾನಪಡಿಸುವವರೆಗೆ ಪರಿಹಾರವಿಲ್ಲ. ಆ ಉಪವಾಸವು ಬರುವುದು ಸುಮಾರು ದಶಲಕ್ಷಣ ಪರ್ವ ಮತ್ತು ಕ್ಷಮಾವಾಣಿಯ ಋತುವಿನಲ್ಲಿಯೇ.

ಯೇಸುವಿನ ಮರಣವನ್ನು ಆತನ ಶಿಷ್ಯರು ಅರ್ಥಮಾಡಿಕೊಂಡದ್ದು ಈ ಹಿನ್ನೆಲೆಯಲ್ಲಿ. ರೋಮನ್ ಅಧಿಪತಿ ಪೊಂತ್ಯ ಪಿಲಾತನ ಕಾಲದಲ್ಲಿ, ಯೆಹೂದ್ಯರ ಪಸ್ಕಹಬ್ಬದ ಸಮಯದಲ್ಲಿ, ದುಷ್ಕರ್ಮಿಗಳಿಗೆ ವಿಧಿಸುತ್ತಿದ್ದ ಮರಣವನ್ನು ತಮ್ಮ ಗುರು ಹೊಂದಿದನೆಂಬುದು ಅವರಿಗೆ ಮೊದಲು ಅವಮಾನದ ಸಂಗತಿಯಾಗಿತ್ತು. ಆ ಮರಣ ನಿರರ್ಥಕವಾಗಲಿಲ್ಲ, ಅದೇ ಕೊನೆಯ ಬಲಿ ಎಂದು ಅವರು ಕಂಡುಕೊಂಡರು. ಇಬ್ರಿಯರಿಗೆ ಬರೆದ ಪತ್ರಿಕೆಯ ವಾದವು ಜೈನರು ಗಮನಿಸತಕ್ಕದ್ದು. ಹೋರಿಗಳ ಮತ್ತು ಹೋತಗಳ ರಕ್ತವು ಪಾಪವನ್ನು ತೊಡೆಯಲು ಎಂದಿಗೂ ಸಮರ್ಥವಾಗಿರಲಿಲ್ಲ. ಸಮರ್ಥವಾಗಿದ್ದರೆ ವರ್ಷವರ್ಷವೂ ಬಲಿಕೊಡುವ ಅಗತ್ಯವೇನಿತ್ತು? ಕ್ರಿಸ್ತನು ತನ್ನನ್ನೇ ಒಮ್ಮೆ ಅರ್ಪಿಸಿಕೊಂಡನು, ಇನ್ನು ಬಲಿ ಬೇಡವೆಂಬುದು ಆ ಪತ್ರಿಕೆಯ ಸಿದ್ಧಾಂತ. ಹಾಗಾಗಿ ಕ್ರೈಸ್ತರ ಆರಾಧನೆಯು ಮೊದಲಿನಿಂದಲೂ ಪಶುವಧೆಯನ್ನು ಬಿಟ್ಟಿತು. ನಾಲ್ಕನೆಯ ಶತಮಾನದ ಅಂತ್ಯದಲ್ಲಿ ಥಿಯೋಡೋಸಿಯಸ್ ಚಕ್ರವರ್ತಿಯು ರೋಮನ್ ಸಾಮ್ರಾಜ್ಯದಲ್ಲಿ ದೇವತೆಗಳಿಗೆ ಬಲಿಕೊಡುವುದನ್ನೇ ನಿಷೇಧಿಸಿದನು. ಊಟದ ತಟ್ಟೆಯಲ್ಲಿ ಮಾಂಸ ಉಳಿಯಿತೆಂಬುದು ನಿಜ. ಬಲಿಪೀಠದಿಂದ ರಕ್ತ ಹೋಯಿತೆಂಬುದೂ ಅಷ್ಟೇ ನಿಜ.

ಆದರೆ ಒಬ್ಬನ ಮರಣವು ಅನ್ಯರ ಪಾಪವನ್ನು ಹೇಗೆ ಕಳೆಯುತ್ತದೆ? ಆಶ್ಚರ್ಯದ ವಿಷಯವೆಂದರೆ, ಈ ‘ಹೇಗೆ’ ಎಂಬುದನ್ನು ಕ್ರೈಸ್ತಸಂಘದ ಪುರಾತನ ವಿಶ್ವಾಸಪ್ರಮಾಣಗಳು ನಿರ್ಣಯಿಸಿಯೇ ಇಲ್ಲ. ಕ್ರಿಸ್ತನು ಮಾನವರ ನಿಮಿತ್ತ ಬಂದನು, ಶಿಲುಬೆಗೇರಿದನು ಎಂದಷ್ಟೇ ಅವು ಹೇಳುತ್ತವೆ. ವಿವರಣೆಗಳು ಕಾಲಕ್ಕೊಂದರಂತೆ ಬಂದವು. ಮೊದಮೊದಲಿನ ಒಂದು ವಿವರಣೆಯ ಪ್ರಕಾರ ಮಾನವನು ಪಾಪದಿಂದ ಸೈತಾನನ ಸೆರೆಯಾಳಾಗಿದ್ದನು, ಕ್ರಿಸ್ತನ ಪ್ರಾಣವು ಬಿಡುಗಡೆಯ ಹಣ. ನಾಲ್ಕನೆಯ ಶತಮಾನದ ನಿಸ್ಸಾದ ಗ್ರೆಗರಿಯು, ಗಾಳದ ಮೇಲಿನ ಎರೆಯನ್ನು ಮೀನು ನುಂಗುವಂತೆ ಸೈತಾನನು ಕ್ರಿಸ್ತನ ಮಾನವದೇಹವನ್ನು ನುಂಗಿ ಒಳಗಿನ ದೈವತ್ವಕ್ಕೆ ಸಿಕ್ಕಿಬಿದ್ದನೆಂದನು. ಆತನ ಮಿತ್ರನೇ ಆದ ನಾಜಿಯಾಂಜಸ್ಸಿನ ಗ್ರೆಗರಿಗೆ ಇದು ಒಪ್ಪಿಗೆಯಾಗಲಿಲ್ಲ. ಕಳ್ಳನಿಗೆ ಹಣ ಸಲ್ಲಿಸುವುದೇ, ಅದೂ ದೇವರನ್ನೇ ಹಣವಾಗಿ ಸಲ್ಲಿಸುವುದೇ ಎಂದು ಆತನ ಆಕ್ಷೇಪ. ಪೂರ್ವದೇಶಗಳ ಕ್ರೈಸ್ತರು ಪಾಪವನ್ನು ರೋಗವೆಂದೂ ಕ್ರಿಸ್ತನನ್ನು ವೈದ್ಯನೆಂದೂ ಕಾಣುವ ದಾರಿಯನ್ನೇ ಹೆಚ್ಚಾಗಿ ಹಿಡಿದರು.

ಪಶ್ಚಿಮದಲ್ಲಿ ನೆಲೆಯೂರಿದ ವಿವರಣೆ ಆನ್ಸೆಲ್ಮನದು. ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷನಾಗಿದ್ದ ಆತನು ೧೦೯೮ರಲ್ಲಿ ಮುಗಿಸಿದ, ‘ದೇವರು ಮನುಷ್ಯನಾದುದೇಕೆ’ ಎಂಬ ಅರ್ಥದ ಹೆಸರುಳ್ಳ ಲ್ಯಾಟಿನ್ ಗ್ರಂಥವು ಬೋಸೋ ಎಂಬ ಶಿಷ್ಯಸನ್ಯಾಸಿಯೊಡನೆ ನಡೆಸಿದ ಸಂವಾದದ ರೂಪದಲ್ಲಿದೆ. ಸೈತಾನನಿಗೆ ಏನೂ ಸಲ್ಲಬೇಕಾಗಿಲ್ಲವೆಂದು ಆತನು ಮೊದಲಲ್ಲೇ ತಳ್ಳಿಹಾಕುತ್ತಾನೆ. ಪಾಪವೆಂದರೆ ದೇವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದಿರುವುದು. ಆದ್ದರಿಂದ ಅದು ಋಣ. ಋಣವನ್ನು ಹಾಗೆಯೇ ಮನ್ನಾ ಮಾಡಿಬಿಟ್ಟರೆ ನ್ಯಾಯವಂತನಿಗೂ ಅನ್ಯಾಯವಂತನಿಗೂ ಭೇದವೇ ಉಳಿಯದು. ತೀರಿಸಬೇಕೆಂದರೆ ಮನುಷ್ಯನ ಬಳಿ ಏನಿದೆ? ಆತನ ಸದಾಚಾರವೆಲ್ಲವೂ ಮೊದಲೇ ದೇವರಿಗೆ ಸಲ್ಲಬೇಕಾದುದೇ ಆಗಿದೆ. ಹಳೆಯ ಬಾಕಿಗೆ ಜಮಾ ಮಾಡಲು ಹೆಚ್ಚಿನದೇನೂ ಇಲ್ಲ. ದೇವರ ಇಚ್ಛೆಗೆ ವಿರುದ್ಧವಾದ ಒಂದು ನೋಟವೂ ಲೋಕಕ್ಕಿಂತ ಭಾರವಾದುದೆಂದು ಆತನು ಶಿಷ್ಯನಿಗೆ ಮನಗಾಣಿಸುತ್ತಾನೆ. ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರು. ಆದ್ದರಿಂದ ಎರಡೂ ಆದವನೊಬ್ಬನು ಬೇಕಾಯಿತು. ಪಾಪರಹಿತನಾದುದರಿಂದ ಸಾಯಬೇಕಾಗಿಲ್ಲದ ಕ್ರಿಸ್ತನು ಸ್ವೇಚ್ಛೆಯಿಂದ ಸತ್ತನು. ಅದರ ಫಲವನ್ನು ತನಗೆ ಬೇಡವೆಂದು ಮಾನವರಿಗೆ ಬಿಟ್ಟನು. ಹದಿನಾರನೆಯ ಶತಮಾನದಲ್ಲಿ ಕ್ಯಾಲ್ವಿನ್ ಮೊದಲಾದ ಸುಧಾರಕರು ಈ ಋಣದ ಮಾತನ್ನು ನ್ಯಾಯಾಲಯದ ಮಾತಾಗಿಸಿ, ಅಪರಾಧಿಗಳಿಗೆ ಬರಬೇಕಾದ ಶಿಕ್ಷೆಯನ್ನು ಕ್ರಿಸ್ತನು ಅನುಭವಿಸಿದನೆಂದರು.

ಆನ್ಸೆಲ್ಮನ ವಾದದಲ್ಲಿ ಆತನ ಕಾಲದ ಪಾಳೆಯಗಾರಿಕೆಯ ಮಾನಮರ್ಯಾದೆಗಳ ಛಾಯೆಯಿದೆಯೆಂದು ಅನೇಕರು ಹೇಳಿದ್ದಾರೆ. ಅದು ದಿಟವಿರಬಹುದು. ಆದರೆ ಆತನನ್ನು ಲಘುವಾಗಿ ಕಾಣಲಾಗದು. ಪಾಪವು ಎಷ್ಟು ಭಾರವಾದುದೆಂದು ನೀನಿನ್ನೂ ಯೋಚಿಸಿಲ್ಲವೆಂದು ಆತನು ಬೋಸೋವಿಗೆ ಎಚ್ಚರಿಸುವಲ್ಲಿ, ಪಾಪವನ್ನು ಅಗ್ಗವಾಗಿಸುವ ಉದ್ದೇಶದ ಲೇಶವೂ ಇಲ್ಲ. ‘ಇನ್ನೊಬ್ಬನು ತೀರಿಸಿದನು, ಇನ್ನೇನು ಚಿಂತೆ’ ಎಂಬ ಮನೋಭಾವವನ್ನು ಆತನ ಮೇಲೆ ಹೊರಿಸುವುದು ನ್ಯಾಯವಲ್ಲ. ಕೃಪೆ ಹೆಚ್ಚಲೆಂದು ಪಾಪದಲ್ಲಿಯೇ ಇರೋಣವೇ ಎಂಬ ಪ್ರಶ್ನೆಯನ್ನು ಪೌಲನೇ ರೋಮಿನವರಿಗೆ ಬರೆದ ಪತ್ರಿಕೆಯಲ್ಲಿ ಎತ್ತಿ, ಎಂದಿಗೂ ಕೂಡದೆಂದು ಉತ್ತರಿಸಿದ್ದಾನೆ. ಜರ್ಮನಿಯ ಡೀಟ್ರಿಖ್ ಬಾನ್ಹೋಫರ್ ೧೯೩೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪಶ್ಚಾತ್ತಾಪವಿಲ್ಲದೆ ಹಂಚುವ ಕ್ಷಮೆಯನ್ನು ಅಗ್ಗದ ಕೃಪೆಯೆಂದು ಕರೆದು ಅದೇ ಕ್ರೈಸ್ತಸಂಘದ ಕಡುವೈರಿಯೆಂದರು. ನಾಜಿಗಳನ್ನು ವಿರೋಧಿಸಿದ ಅವರು ೧೯೪೫ರ ಏಪ್ರಿಲ್ ೯ರಂದು ಗಲ್ಲಿಗೇರಿದರು.

ಆದರೂ ವಾದದ ಬಿರುಕು ಬಿರುಕೇ. ೧೧೪೨ರಲ್ಲಿ ಮರಣಹೊಂದಿದ ಪೀಟರ್ ಅಬೆಲಾರ್ಡನು ನಿರಪರಾಧಿಯ ರಕ್ತವನ್ನು ಬೆಲೆಯಾಗಿ ಕೇಳುವುದು ಕ್ರೌರ್ಯವಲ್ಲವೇ ಎಂದು ಕೇಳಿದನು. ಆತನ ದೃಷ್ಟಿಯಲ್ಲಿ ಕ್ರಿಸ್ತನ ಮರಣವು ದೇವರ ಪ್ರೇಮದ ಪ್ರಕಟನೆ. ಅದನ್ನು ಕಂಡವನ ಹೃದಯದಲ್ಲಿ ಪ್ರೇಮ ಹುಟ್ಟಿ, ಆ ಪ್ರೇಮವೇ ಆತನನ್ನು ಪಾಪದಿಂದ ಬಿಡಿಸುತ್ತದೆ. ೧೫೯೪ರಲ್ಲಿ ಅಚ್ಚಾದ ಫೌಸ್ಟೋ ಸೊಚ್ಚೀನಿಯ ಗ್ರಂಥವು ಇನ್ನೂ ನೇರವಾದ ಪ್ರಶ್ನೆ ಹಾಕಿತು: ಋಣವು ಪೂರ್ತಿ ಸಂದಾಯವಾಗಿದ್ದರೆ ಕ್ಷಮೆ ಎಲ್ಲಿಂದ ಬಂತು? ಕ್ಷಮೆ ಮಾಡಿದ್ದು ನಿಜವಾದರೆ ಸಂದಾಯವೇಕೆ? ಜರ್ಮನ್ ತತ್ತ್ವಜ್ಞಾನಿ ಕಾಂಟನು ೧೭೯೩ರಲ್ಲಿ, ಹಣದ ಸಾಲವನ್ನು ಯಾರು ತೀರಿಸಿದರೂ ಸಾಲಿಗನಿಗೆ ಒಂದೇ, ಆದರೆ ಪಾಪವೆಂಬ ಋಣವು ಅಂಥ ವರ್ಗಾವಣೆಗೆ ಒಳಪಡುವಂಥದಲ್ಲ, ಅದು ಮಾಡಿದವನಿಗೇ ಅಂಟಿದ್ದೆಂದು ವಾದಿಸಿದನು. ಶ್ರಾವಕನ ನಗೆಯಲ್ಲಿದ್ದ ಆಕ್ಷೇಪ ಇದೇ, ಆದರೆ ನಗೆಯಿಲ್ಲದೆ.

ಜೈನ ದೃಷ್ಟಿಯಿಂದ ನೋಡಿದರೆ ಅಬೆಲಾರ್ಡನ ಮಾತು ಅಪರಿಚಿತವಾಗಿ ಕಾಣುವುದಿಲ್ಲ. ಜಿನೇಂದ್ರನು ಯಾರ ಕರ್ಮವನ್ನೂ ಕಳೆಯುವುದಿಲ್ಲ. ಆತನ ದರ್ಶನದಿಂದ ಭವ್ಯಜೀವಿಯಲ್ಲಿ ವಿಶುದ್ಧಿ ಹುಟ್ಟುತ್ತದೆ, ಆ ವಿಶುದ್ಧಿಯಿಂದ ಕರ್ಮವು ಸಡಿಲುತ್ತದೆ. ಜಿನಬಿಂಬ ನಿಮಿತ್ತ, ಜೀವದ ಪರಿಣಾಮವೇ ಉಪಾದಾನ. ಅಬೆಲಾರ್ಡನ ಶಿಲುಬೆಯು ಈ ಅರ್ಥದಲ್ಲಿ ನಿಮಿತ್ತವೆನಿಸಬಹುದು. ಆನ್ಸೆಲ್ಮನ ಶಿಲುಬೆಯು ಹಾಗಲ್ಲ; ಅದನ್ನು ಯಾರೂ ಕಾಣದಿದ್ದರೂ ಅದು ಋಣವನ್ನು ತೀರಿಸಿಯೇ ಇರುತ್ತದೆ. ಭೇದವಿರುವುದು ಇಲ್ಲಿ. ಆದರೆ ಕ್ರೈಸ್ತಮತವೆಲ್ಲ ಅಬೆಲಾರ್ಡನೇ ಎಂದುಕೊಂಡು ಎರಡನ್ನೂ ಒಂದು ಮಾಡಹೊರಡುವುದು ಸೌಜನ್ಯವಾದೀತೇ ಹೊರತು ಸತ್ಯವಾಗದು. ಆತನದು ಆ ಮತದೊಳಗೆ ಯಾವಾಗಲೂ ಅಲ್ಪಸಂಖ್ಯಾತರ ಮಾತಾಗಿಯೇ ಉಳಿದಿದೆ.

ಇತ್ತ ಜೈನರ ಕಡೆಯಲ್ಲಿಯೂ ಒಂದು ತಪ್ಪುತಿಳಿವಳಿಕೆ ಬಳಕೆಯಲ್ಲಿದೆ. ಕರ್ಮಸಿದ್ಧಾಂತವೆಂದರೆ ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯಷ್ಟೇ ಎಂದು ಹಲವರು ಭಾವಿಸುತ್ತಾರೆ. ಮಾಡಿದ್ದನ್ನೆಲ್ಲ ಉಣ್ಣಲೇಬೇಕಾಗಿದ್ದರೆ ತಪಸ್ಸಿಗೆ ಅರ್ಥವೇ ಇರುತ್ತಿರಲಿಲ್ಲ. ತಪಸ್ಸಿನಿಂದ ನಿರ್ಜರೆಯೂ ಆಗುತ್ತದೆಂಬುದು ಸೂತ್ರಕಾರರ ಮತ. ಕಟ್ಟಿದ ಕರ್ಮದ ಸ್ಥಿತಿ ಅನುಭಾಗಗಳು ಕುಗ್ಗಬಹುದು, ಒಂದು ಪ್ರಕೃತಿ ಇನ್ನೊಂದಾಗಿ ಸಂಕ್ರಮಿಸಬಹುದು, ಕಾಲಕ್ಕೆ ಮೊದಲೇ ಉದೀರಣೆಯಾಗಿ ಉದುರಬಹುದು. ಹೀಗೆ ಪಾಪದ ಫಲವನ್ನು ಪೂರ್ತಿಯಾಗಿ ಅನುಭವಿಸದೆಯೇ ಬಿಡುಗಡೆಯುಂಟೆಂಬ ಆಶ್ವಾಸನೆಯು ಎರಡು ಮತಗಳಿಗೂ ಸಾಮಾನ್ಯ. ಬಿಡಿಸುವವರು ಯಾರೆಂಬಲ್ಲಿ ಮಾತ್ರ ದಾರಿ ಕವಲೊಡೆಯುತ್ತದೆ.

ಇನ್ನೂ ಆಳವಾದ ಭೇದವೊಂದಿದೆ. ಕ್ರೈಸ್ತನ ಪಾಪಕ್ಕೆ ಎದುರಿಗೆ ಒಬ್ಬನಿದ್ದಾನೆ. ಅದು ಒಡೆಯನ ಎದುರು, ತಂದೆಯ ಎದುರು ಮಾಡಿದ ತಪ್ಪು. ಆದ್ದರಿಂದ ಕ್ಷಮೆಯೆಂಬುದಕ್ಕೆ ಅಲ್ಲಿ ಸ್ಥಾನವಿದೆ. ಇಂಗ್ಲಿಷಿನಲ್ಲಿ ಪ್ರಾಯಶ್ಚಿತ್ತಕ್ಕಿರುವ ‘ಅಟೋನ್ಮೆಂಟ್’ ಎಂಬ ಶಬ್ದವೇ ‘ಒಂದಾಗುವಿಕೆ’ ಎಂಬ ಅರ್ಥದ ಪದಗಳಿಂದ ಕಟ್ಟಿದ್ದು. ೧೫೨೬ರಲ್ಲಿ ಅಚ್ಚಾದ ವಿಲಿಯಂ ಟಿಂಡೇಲನ ಹೊಸ ಒಡಂಬಡಿಕೆಯ ಭಾಷಾಂತರದಲ್ಲಿ ಅದು ಬಂದಿದೆ. ಮುರಿದ ಸಂಬಂಧ ಕೂಡುವುದೇ ಅಲ್ಲಿ ಪರಿಹಾರ. ಜೈನನ ಪಾಪವಾದರೋ ಆತ್ಮಪ್ರದೇಶಗಳಿಗೆ ಅಂಟಿದ ಕರ್ಮಪುದ್ಗಲ. ಧೂಳು ಮೈಗೆ ಅಂಟಿದರೆ ಧೂಳನ್ನು ಕ್ಷಮೆ ಕೇಳುವವರಿಲ್ಲ; ತೊಳೆದುಕೊಳ್ಳಬೇಕು. ಈ ಉಪಮೆ ಯಥಾರ್ಥವೇ. ಆದರೆ ಅದರಲ್ಲಿ ಒಂದು ಅಪಾಯವಿದೆ: ತೊಳೆದುಕೊಳ್ಳುವವನ ಗಮನವು ತನ್ನ ಮೈಯ ಮೇಲೆಯೇ ಇದ್ದು, ನೊಂದವನು ಮರೆತುಹೋಗಬಹುದು.

ಒಬ್ಬ ಧಾನ್ಯದ ವ್ಯಾಪಾರಿಯಿದ್ದಾನೆಂದು ಭಾವಿಸಬಹುದು. ಹತ್ತು ವರ್ಷಗಳ ಕಾಲ ಆತನ ಅಂಗಡಿಯಲ್ಲಿ ಕಿಲೋಗೆ ಐವತ್ತು ಗ್ರಾಂ ಕಡಿಮೆ ತೂಗಿತು. ಹೀನಾಧಿಕಮಾನೋನ್ಮಾನವು ಅಚೌರ್ಯಾಣುವ್ರತದ ಅತಿಚಾರವೆಂದು ಒಂದು ದಿನ ಶಾಸ್ತ್ರಪ್ರವಚನದಲ್ಲಿ ಕೇಳಿ ಆತನ ಮನಸ್ಸು ಕಲಕಿತು. ತಕ್ಕಡಿಯನ್ನು ಸರಿಪಡಿಸಿದನು, ಗುರುಗಳಲ್ಲಿ ನಿವೇದಿಸಿಕೊಂಡನು, ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ ಹಿಡಿದನು, ಒಂದು ವಿಧಾನವನ್ನೂ ಮಾಡಿಸಿದನು. ಆತನ ಭಾವ ಶುದ್ಧವಾಗಿದ್ದರೆ ನಿರ್ಜರೆಯೂ ಆಗಿರಬಹುದು. ಆದರೆ ಹತ್ತು ವರ್ಷ ಆ ಅಂಗಡಿಯಲ್ಲಿ ಅಕ್ಕಿ ಕೊಂಡ ಕೂಲಿಯ ಹೆಂಗಸಿನ ಮನೆಯಲ್ಲಿ ಕಡಿಮೆಯಾದ ಅಕ್ಕಿ ಕಡಿಮೆಯಾಗಿಯೇ ಇದೆ. ಆ ಹಣ ಎಲ್ಲಿದೆ? ಆತನ ಮನೆಯ ಗೋಡೆಯಲ್ಲಿದೆ, ಮಗಳ ಮದುವೆಯ ಒಡವೆಯಲ್ಲಿದೆ, ಪ್ರಾಯಶಃ ವಿಧಾನದ ಖರ್ಚಿನಲ್ಲಿಯೂ ಇದೆ. ಯೇಸುವಿನ ಚರಿತ್ರೆಯಲ್ಲಿ ಜಕ್ಕಾಯನೆಂಬ ಸುಂಕದವರ ಮುಖ್ಯಸ್ಥನೊಬ್ಬನು ಬರುತ್ತಾನೆ. ಆತನ ಪಶ್ಚಾತ್ತಾಪವು ಕಣ್ಣೀರಿನಲ್ಲಿ ತೋರುವುದಿಲ್ಲ. ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವೆನೆಂದೂ, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುವೆನೆಂದೂ ಆತನು ಎದ್ದುನಿಂತು ಹೇಳುತ್ತಾನೆ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟುಹೋಗಿ ಮೊದಲು ಸಹೋದರನೊಡನೆ ಸಮಾಧಾನ ಮಾಡಿಕೊಂಡು ಬರಬೇಕೆಂಬುದೂ ಯೇಸುವಿನ ಉಪದೇಶವೇ. ಅನ್ಯನು ಪಾಪ ಹೊತ್ತನೆಂದು ನಂಬುವ ಮತವೇ ಇಷ್ಟನ್ನು ಕೇಳುವಾಗ, ಅನ್ಯನು ಹೊರಲಾರನೆಂದು ನಂಬುವವರು ಇದಕ್ಕಿಂತ ಕಡಿಮೆ ಕೇಳುವುದು ಹೇಗೆ? ಪ್ರಾಯಶ್ಚಿತ್ತದ ಭೇದಗಳಲ್ಲಿ ವಿವೇಕವೆಂಬುದೊಂದಿದೆ. ಮುನಿಗಳ ವಿಷಯದಲ್ಲಿ ಅದು ದೋಷಯುಕ್ತವಾದ ಆಹಾರ ಉಪಕರಣಗಳನ್ನು ಬೇರ್ಪಡಿಸಿ ಬಿಡುವುದು. ಗೃಹಸ್ಥನ ವಿಷಯದಲ್ಲಿ ಅದನ್ನು ದೋಷಯುಕ್ತವಾದ ಹಣಕ್ಕೂ ಅನ್ವಯಿಸಲು ಶಾಸ್ತ್ರದ ಅಡ್ಡಿಯೇನೂ ಕಾಣುವುದಿಲ್ಲ.

ಉಪವಾಸದ ವಿಷಯಕ್ಕೆ ಬಂದರೆ ಯುರೋಪಿನ ಚರಿತ್ರೆಯಲ್ಲಿ ವಿಚಿತ್ರವಾದ ಅಧ್ಯಾಯವೊಂದಿದೆ. ವ್ರತನಿಷ್ಠರು ಅದನ್ನು ತಿಳಿದಿರಬೇಕು. ಆರನೆಯ ಶತಮಾನದಿಂದ ಐರ್ಲೆಂಡಿನ ಮಠಗಳಲ್ಲಿ ಪ್ರಾಯಶ್ಚಿತ್ತದ ಕೈಪಿಡಿಗಳು ಹುಟ್ಟಿಕೊಂಡವು. ಯಾವ ಪಾಪಕ್ಕೆ ಎಷ್ಟು ದಿನ, ಎಷ್ಟು ವರ್ಷ ಬರಿಯ ರೊಟ್ಟಿ ನೀರಿನ ಮೇಲಿರಬೇಕೆಂಬ ಪಟ್ಟಿ ಅವುಗಳಲ್ಲಿತ್ತು. ದೀರ್ಘವಾದ ಉಪವಾಸಕ್ಕೆ ಬದಲಾಗಿ ಕಠಿಣವಾದ ಅಲ್ಪಕಾಲದ ವ್ರತ, ಸ್ತೋತ್ರಪಾರಾಯಣ, ದಾನ ಇವುಗಳನ್ನು ಒಪ್ಪುವ ರೂಢಿ ಬೆಳೆಯಿತು. ಅಲ್ಲಿಂದ ಮುಂದಿನ ಹೆಜ್ಜೆ ದೂರವಿರಲಿಲ್ಲ. ೭೪೭ರಲ್ಲಿ ಇಂಗ್ಲೆಂಡಿನ ಕ್ಲೋವೆಷೋ ಎಂಬಲ್ಲಿ ಸೇರಿದ ಧರ್ಮಸಭೆಯ ಮುಂದೆ ಒಬ್ಬ ಧನಿಕನ ವಿಷಯ ಬಂದಿತು. ತನ್ನ ಪರವಾಗಿ ಇತರರು ಮಾಡಿದ ಉಪವಾಸ ಪ್ರಾರ್ಥನೆಗಳೆಲ್ಲ ಸೇರಿ, ತಾನಿನ್ನು ಮುನ್ನೂರು ವರ್ಷ ಬದುಕಿದರೂ ಸಾಲುವಷ್ಟು ಪ್ರಾಯಶ್ಚಿತ್ತ ಜಮೆಯಾಗಿದೆಯೆಂಬುದು ಆತನ ಲೆಕ್ಕವಾಗಿತ್ತು. ಸಭೆಯು ಅದನ್ನು ಖಂಡಿಸಿತು. ಖಂಡಿಸಿದರೂ ರೂಢಿ ಸಾಯಲಿಲ್ಲ. ಹತ್ತನೆಯ ಶತಮಾನದ ಎಡ್ಗರ್ ದೊರೆಯ ಹೆಸರಿನೊಡನೆ ಸೇರಿಕೊಂಡುಬಂದ ವಿಧಿಗಳಲ್ಲಿ, ಪ್ರಭುವೊಬ್ಬನು ಏಳು ವರ್ಷದ ಉಪವಾಸವನ್ನು ಮೂರು ದಿನಗಳಲ್ಲಿ ಮುಗಿಸುವ ಬಗೆ ಹೇಳಿದೆ. ಆತನು ೧೨ ಜನರನ್ನು ಜೊತೆಗಿಟ್ಟುಕೊಂಡು ರೊಟ್ಟಿ, ಸೊಪ್ಪು, ನೀರಿನ ಮೇಲೆ ಮೂರು ದಿನವಿರಬೇಕು. ಜೊತೆಗೆ ೧೨೦ರ ಏಳರಷ್ಟು, ಅಂದರೆ ೮೪೦ ಜನರಿಂದ ಮೂರು ಮೂರು ದಿನ ಉಪವಾಸ ಮಾಡಿಸಬೇಕು. ಕೂಡಿಸಿದರೆ ೨೫೫೬ ಉಪವಾಸಗಳಾಗುತ್ತವೆ. ಏಳು ವರ್ಷಗಳ ದಿನಗಳಷ್ಟೇ. ಗಣಿತದಲ್ಲಿ ತಪ್ಪಿಲ್ಲ! ೧೫೧೭ರ ಅಕ್ಟೋಬರ್ ೩೧ರಂದು ಮಾರ್ಟಿನ್ ಲೂಥರನು ಪಾಪವಿಮೋಚನೆಯ ಪತ್ರಗಳ ಮಾರಾಟವನ್ನು ಪ್ರತಿಭಟಿಸಿ ೯೫ ಸಿದ್ಧಾಂತಗಳನ್ನು ಹೊರಡಿಸಿದಾಗ, ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪವಾಗಿರಬೇಕೆಂಬುದನ್ನು ಮೊದಲನೆಯದಾಗಿ ಇಟ್ಟನು.

ಜೈನರಲ್ಲಿ ಕೂಲಿಗೆ ಉಪವಾಸ ಮಾಡಿಸುವ ಪದ್ಧತಿಯಿಲ್ಲ, ನಿಜ. ಆದರೆ ಕೂಲಿಯಿಲ್ಲದೆ ಅದು ನಡೆಯುವುದುಂಟು. ಎಷ್ಟೋ ಮನೆಗಳಲ್ಲಿ ವ್ರತವೆಲ್ಲ ಹೆಂಗಸರ ಪಾಲು, ವ್ಯವಹಾರವೆಲ್ಲ ಗಂಡಸರ ಪಾಲು. ಅನಂತನೋಂಪಿಯನ್ನು ಹಿಡಿದವಳು ಮನೆಯೊಡತಿ. ಉದ್ಯಾಪನೆಯ ದಿನ ಹಣಕೊಟ್ಟು, ಮನೆಗೇ ಪುಣ್ಯ ಬಂದಿತೆಂದು ತೃಪ್ತನಾಗುವವನು ಯಜಮಾನ. ಆಕೆಯ ಉಪವಾಸವನ್ನು ಕಂಡು ಆತನ ಕಷಾಯ ನಿಜವಾಗಿ ಮಂದವಾದರೆ, ಆಕೆಯ ತಪಸ್ಸಿನಲ್ಲಿ ಆತನಿಗೆ ಅನುಮೋದನೆಯ ಫಲವುಂಟು. ಆಗದಿದ್ದರೆ ಆತನು ಕ್ಲೋವೆಷೋದ ಧನಿಕನ ಪಕ್ಕದಲ್ಲಿಯೇ ಕುಳಿತಿದ್ದಾನೆ. ಅನುಮೋದನೆಯ ಇನ್ನೊಂದು ಮುಖವನ್ನೂ ಇಲ್ಲಿ ನೆನೆಯಬೇಕು. ಜಪಮಾಲೆಯ ಮಣಿಗಳಂತೆ ಆಸ್ರವದ ದಾರಿಗಳು ೧೦೮ ಎಂದು ಎಣಿಸುವಾಗ, ಅವುಗಳಲ್ಲಿ ಕೃತವಾದವು ೩೬ ಮಾತ್ರ. ಕಾರಿತ ಅನುಮತಗಳೆರಡೂ ಸೇರಿ ೭೨. ತೂಕದ ಕಡಿತದಿಂದ ಬಂದ ಹಣದಲ್ಲಿ ತಿಳಿದೂ ತಿಳಿದೂ ಉಂಡುಟ್ಟವರೆಲ್ಲರೂ ಆ ಎಪ್ಪತ್ತೆರಡರೊಳಗೆ ಎಲ್ಲಿಯೋ ಇದ್ದಾರೆ. ಒಬ್ಬನ ಪಾಪವು ಇನ್ನೊಬ್ಬನಿಗೆ ವರ್ಗವಾಗದು. ಹರಡುವುದು ಮಾತ್ರ ಹೀಗೆ ಹರಡುತ್ತದೆ, ಪ್ರತಿಯೊಬ್ಬನ ಸ್ವಂತ ಭಾವದ ಮೂಲಕ.

ಗುರುವಿನ ಮುಂದೆ ದೋಷವನ್ನು ಹೇಳಿಕೊಳ್ಳುವ ವಿಧಿಯಲ್ಲಿ ಎರಡು ಮತಗಳೂ ಬಹಳ ಹತ್ತಿರ ಬರುತ್ತವೆ. ವರ್ಷಕ್ಕೊಮ್ಮೆಯಾದರೂ ಯಾಜಕನಲ್ಲಿ ಪಾಪನಿವೇದನೆ ಮಾಡಲೇಬೇಕೆಂದು ರೋಮಿನಲ್ಲಿ ೧೨೧೫ರಲ್ಲಿ ಸೇರಿದ ಲ್ಯಾಟರನ್ ಮಹಾಸಭೆಯು ವಿಧಿಸಿತು. ಕೇಳಿದ್ದನ್ನು ಹೊರಗೆಡಹುವ ಯಾಜಕನಿಗೆ ಉಗ್ರವಾದ ಶಿಕ್ಷೆಯನ್ನೂ ಗೊತ್ತುಮಾಡಿತು. ೧೫೫೧ರಲ್ಲಿ ಟ್ರೆಂಟ್ ಮಹಾಸಭೆಯು ಮರುಗುವುದು, ಹೇಳಿಕೊಳ್ಳುವುದು, ವಿಧಿಸಿದ್ದನ್ನು ನೆರವೇರಿಸುವುದು ಎಂಬ ಮೂರನ್ನು ಪಶ್ಚಾತ್ತಾಪಿಯ ಕರ್ತವ್ಯವಾಗಿ ಹೇಳಿತು. ಭಗವತೀ ಆರಾಧನೆಯಲ್ಲಿ ಹೇಳಿದ ಆಲೋಚನೆಯ ಹತ್ತು ದೋಷಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಗುರುವಿನ ಮನಸ್ಸು ಕರಗುವಂತೆ ನಡೆದುಕೊಂಡು ಹೇಳುವುದು, ಇತರರು ಕಂಡದ್ದನ್ನಷ್ಟೇ ಹೇಳುವುದು, ದೊಡ್ಡದನ್ನು ಹೇಳಿ ಸಣ್ಣದನ್ನು ಮುಚ್ಚುವುದು, ಸಣ್ಣದನ್ನು ಹೇಳಿ ದೊಡ್ಡದನ್ನು ಮುಚ್ಚುವುದು, ಗದ್ದಲದಲ್ಲಿ ಕೇಳಿಸದಂತೆ ಹೇಳುವುದು, ತನ್ನಂಥದೇ ದೋಷವುಳ್ಳವನನ್ನು ಹುಡುಕಿ ಅವನಲ್ಲಿ ಹೇಳುವುದು – ಮನುಷ್ಯನ ಕಪ್ಪಟವನ್ನು ಇಷ್ಟು ಬಲ್ಲವರು ಯಾವ ಮಠದಲ್ಲಿದ್ದರೂ ಗೌರವಾರ್ಹರು. ಆದರೆ ಕೊನೆಯಲ್ಲಿ ಒಂದು ವ್ಯತ್ಯಾಸ ಉಳಿಯುತ್ತದೆ. ಎಲ್ಲವನ್ನೂ ಕೇಳಿದ ಕ್ರೈಸ್ತ ಯಾಜಕನು ದೇವರ ಹೆಸರಿನಲ್ಲಿ, ನಿನಗೆ ವಿಮೋಚನೆಯಾಯಿತೆಂದು ಬಾಯಿಬಿಟ್ಟು ಹೇಳುತ್ತಾನೆ. ಜೈನ ಆಚಾರ್ಯರು ಪ್ರಾಯಶ್ಚಿತ್ತವನ್ನು ಕೊಡುತ್ತಾರೆ, ವಿಮೋಚನೆಯನ್ನು ಸಾರುವುದಿಲ್ಲ. ಆ ಒಂದು ವಾಕ್ಯವನ್ನು ಕೇಳಿದವನ ಹೃದಯಕ್ಕೆ ಆಗುವ ಹಗುರವನ್ನು ಅಲ್ಲಗಳೆಯಲಾಗದು. ಆ ವಾಕ್ಯವನ್ನು ಹೇಳುವ ಅಧಿಕಾರ ಯಾರಿಗಾದರೂ ಇದೆಯೇ ಎಂಬುದೇ ಪ್ರಶ್ನೆ.

ಆ ಪ್ರಶ್ನೆಯು ಅತ್ಯಂತ ಕಠಿಣವಾಗಿ ಎದ್ದು ನಿಲ್ಲುವುದು ನೊಂದವನು ಸತ್ತುಹೋಗಿರುವಾಗ. ಸಿಮೋನ್ ವೀಸೆಂತಾಲರು ೧೯೬೯ರಲ್ಲಿ ಪ್ರಕಟಿಸಿದ ‘ಸೂರ್ಯಕಾಂತಿ’ ಎಂಬ ಗ್ರಂಥದಲ್ಲಿ ಇಂಥ ಘಟನೆಯೊಂದನ್ನು ಹೇಳಿದ್ದಾರೆ. ನಾಜಿಗಳ ಸೆರೆಯಲ್ಲಿದ್ದ ಯೆಹೂದ್ಯರಾದ ಅವರನ್ನು, ಸಾಯುತ್ತಿದ್ದ ಒಬ್ಬ ನಾಜಿ ಸೈನಿಕನ ಹಾಸಿಗೆಯ ಬಳಿಗೆ ಕರೆದೊಯ್ದರು. ತಾನು ಯೆಹೂದ್ಯ ಕುಟುಂಬಗಳನ್ನು ಕೊಲ್ಲುವುದರಲ್ಲಿ ಭಾಗಿಯಾದುದನ್ನು ಆತನು ಹೇಳಿಕೊಂಡು, ಒಬ್ಬ ಯೆಹೂದ್ಯನ ಬಾಯಿಂದ ಕ್ಷಮೆಯ ಮಾತನ್ನು ಬೇಡಿದನು. ವೀಸೆಂತಾಲರು ಏನನ್ನೂ ಹೇಳದೆ ಹೊರಟುಹೋದರು. ಅನಂತರ ತಾವು ಮಾಡಿದ್ದು ಸರಿಯೇ ಎಂದು ಅನೇಕ ಚಿಂತಕರನ್ನು ಕೇಳಿದರು. ಕ್ರೈಸ್ತರಲ್ಲಿ ಹಲವರು ಕ್ಷಮಿಸಬಹುದಿತ್ತೆಂದರು. ಯೆಹೂದ್ಯರಲ್ಲಿ ಹಲವರು ಸತ್ತವರ ಪರವಾಗಿ ಕ್ಷಮಿಸಲು ಬದುಕಿರುವ ಯಾರಿಗೂ ಹಕ್ಕಿಲ್ಲವೆಂದರು. ಆ ಭೇದದ ಮೂಲದಲ್ಲಿರುವುದು ಶಿಲುಬೆಯೇ. ನಿರಪರಾಧಿಯಾಗಿ ಸತ್ತವನೊಬ್ಬನು, ಸತ್ತ ನಿರಪರಾಧಿಗಳೆಲ್ಲರ ಪರವಾಗಿ ಕ್ಷಮಿಸಬಲ್ಲನೆಂದು ಕ್ರೈಸ್ತನು ನಂಬುತ್ತಾನೆ.

ಜೈನನಿಗೆ ಆ ಪ್ರತಿನಿಧಿಯಿಲ್ಲ. ಪ್ರಮಾದದಿಂದ ವಾಹನ ನಡೆಸಿ ಒಂದು ಮಗುವಿನ ಪ್ರಾಣ ತೆಗೆದವನು ಆ ಮಗುವಿನ ತಂದೆತಾಯಿಗಳಲ್ಲಿ ಕ್ಷಮೆ ಕೇಳಬಹುದು; ಅವರು ತಮ್ಮ ನೋವನ್ನು ಕ್ಷಮಿಸಬಹುದೇ ಹೊರತು ಮಗುವಿನ ಪ್ರಾಣವನ್ನಲ್ಲ. ಆದರೆ ಜೈನನ ದೃಷ್ಟಿಯಲ್ಲಿ ಆ ಜೀವವು ಅಳಿದಿಲ್ಲ. ಯಾವುದೋ ಗತಿಯಲ್ಲಿ, ಯಾವುದೋ ಶರೀರದಲ್ಲಿ ಅದು ಇದ್ದೇ ಇದೆ. ಬಾಲ್ಯದ ಹೆಸರಿಲ್ಲದೆ, ಗುರುತಿಲ್ಲದೆ. ವಡ್ಡಾರಾಧನೆಯ ಚಿಲಾತಪುತ್ರ, ವಿದ್ಯುಚ್ಚೋರರಂಥವರ ಕಥೆಗಳಲ್ಲಿ ಘೋರಕರ್ಮಿಗಳು ಮುನಿಗಳಾಗಿ ಉಪಸರ್ಗಗಳನ್ನು ಸಹಿಸುತ್ತಾರೆ. ಅಲ್ಲಿಯೂ ಯಾರೂ ಬಂದು ‘ನಿನ್ನನ್ನು ಕ್ಷಮಿಸಿದೆ’ ಎನ್ನುವುದಿಲ್ಲ. ಭಾದ್ರಪದ ಬಹುಳ ಪಾಡ್ಯದಂದು ಕ್ಷಮಾವಾಣಿಯಲ್ಲಿ ಸರ್ವಜೀವರಾಶಿಗಳನ್ನು ಉದ್ದೇಶಿಸಿ ಕ್ಷಮೆ ಬೇಡುವಾಗ ಆ ಮಗುವಿನ ಜೀವವೂ ಆ ರಾಶಿಯಲ್ಲಿ ಸೇರಿದೆ. ಬೇಡುವವನಿಗೆ ಅದು ಎಲ್ಲಿದೆಯೆಂದು ತಿಳಿಯದು, ಕೇಳಿಸಿತೇ ಎಂಬುದೂ ತಿಳಿಯದು. ಅದಕ್ಕೆ ಬದಲಾಗಿ ಉತ್ತರ ಕೊಡುವವರು ಯಾರೂ ಇಲ್ಲ. ಮುಂದಿನ ವರ್ಷ ಅದೇ ತಿಥಿಯಂದು ಆತನು ಮತ್ತೆ ಬೇಡುತ್ತಾನೆ.